ಗಾಳಿ ಬಿಟ್ಟಿ, ಬಡ್ಡಿ ದುಬಾರಿ: ದಿವಾಳಿಯಾದ ದೇಶಕ್ಕೆ ಸೌರ ವಿದ್ಯುತ್ತಿನ ದುಡ್ಡು ಎಲ್ಲಿಂದ ಬರಬೇಕು?

ಧನುಷ್ಕೋಟಿಯಿಂದ ಸಮುದ್ರದಾಚೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಶ್ರೀಲಂಕಾದ ಮನ್ನಾರ್ ದ್ವೀಪ ಇದೆ. ಗಾಳಿ ವಿದ್ಯುತ್ತಿಗೆ ಆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಈ ಗಾಳಿಗೆ ಇತ್ತೀಚಿನ ವರ್ಷಗಳಲ್ಲಿ ಎರಡು ಬೇರೆ ಬೇರೆ ಬೆಲೆ ಕಟ್ಟಲಾಗಿದೆ. 2024ರ ಮೇ ತಿಂಗಳಲ್ಲಿ ಅಂದಿನ ಸರ್ಕಾರ ಅದಾನಿ ಗ್ರೀನ್ ಕಂಪನಿಗೆ ಯೂನಿಟ್‌ಗೆ 8.26 ಅಮೆರಿಕನ್ ಸೆಂಟ್ ಕೊಡಲು ಒಪ್ಪಿತು. ಮನ್ನಾರ್ ಮತ್ತು ಉತ್ತರ ಶ್ರೀಲಂಕಾದ್ದೇ ಆದ ಪೂನರಿನ್ ಎರಡೂ ಸೇರಿ 484 ಮೆಗಾವಾಟ್, 20 ವರ್ಷದ ಒಪ್ಪಂದ, ಟೆಂಡರ್ ಇಲ್ಲ. ಅದೇ ಮನ್ನಾರ್‌ನಲ್ಲಿ 50 ಮೆಗಾವಾಟ್‌ಗೆ ಟೆಂಡರ್ ಕರೆದಾಗ ಶ್ರೀಲಂಕಾದ್ದೇ ಆದ ಹೇಲೀಸ್ ಸಮೂಹದ ಕಂಪನಿ ಹಾಕಿದ ದರ 4.65 ಸೆಂಟ್.

ಎರಡನ್ನೂ ಪಕ್ಕಪಕ್ಕ ಇಟ್ಟು ಇದು ಮೋಸ, ಅದು ನ್ಯಾಯ ಅಂತ ಹೇಳಿಬಿಡುವುದು ಸುಲಭ. ಯೋಜನೆಗಳ ಗಾತ್ರ ಬೇರೆ, ಷರತ್ತು ಬೇರೆ, ಕಾಲ ಬೇರೆ. ಆದರೂ ಒಂದು ವಿಷಯ ಇಲ್ಲಿ ಸ್ಪಷ್ಟ. ಗಾಳಿ ಅದೇ, ಸಮುದ್ರ ಅದೇ. ಬೆಲೆ ಮಾತ್ರ ಹತ್ತಿರ ಹತ್ತಿರ ದುಪ್ಪಟ್ಟು. ಅಂದರೆ ಯೂನಿಟ್ ದರ ನಿಂತಿರುವುದು ಗಾಳಿಯ ಮೇಲೆ ಅಲ್ಲ. ಯಾರ ದುಡ್ಡು, ಎಷ್ಟು ಬಡ್ಡಿ, ಕೊಡಬೇಕಾದ ದುಡ್ಡು ಬಾರದೆ ಹೋದರೆ ನಷ್ಟ ಯಾರದು ಎನ್ನುವುದರ ಮೇಲೆ. ಅದಾನಿ ಕಂಪನಿ 2025ರ ಫೆಬ್ರವರಿಯಲ್ಲಿ ಯೋಜನೆಯಿಂದ ಹಿಂದೆ ಸರಿಯಿತು. ಹೊಸ ಸರ್ಕಾರ ದರ ಇಳಿಸಿ ಎಂದು ಕೂತಿತ್ತು.

ಪರಿಸರದ ಮಾತು ಬಂದಾಗೆಲ್ಲ ಬಡ ದೇಶಗಳಿಗೆ ಒಂದು ಉಪದೇಶ ಸಿಗುತ್ತದೆ: ಸೋಲಾರ್ ಈಗ ಕಲ್ಲಿದ್ದಲಿಗಿಂತ ಅಗ್ಗ, ಯಾಕೆ ತಡ ಮಾಡುತ್ತೀರಿ? ಅಗ್ಗ ಎನ್ನುವುದು ನಿಜ. ಆದರೆ ಆ ಅಗ್ಗ ಎಲ್ಲರಿಗೂ ಸಿಗುವಂಥದ್ದಲ್ಲ. ಕೈಯಲ್ಲಿ ದುಡ್ಡಿರುವವರಿಗೆ, ಇಲ್ಲವೇ ಕಡಿಮೆ ಬಡ್ಡಿಗೆ ಸಾಲ ಹುಟ್ಟುವವರಿಗೆ ಮಾತ್ರ.

ಡೀಸೆಲ್ ಘಟಕ ಕಟ್ಟಲು ಖರ್ಚು ಕಡಿಮೆ. ದುಡ್ಡೆಲ್ಲ ಆಮೇಲೆ ಎಣ್ಣೆಗೆ ಹೋಗುತ್ತದೆ, ದಿನಾ ಸ್ವಲ್ಪ ಸ್ವಲ್ಪ. ಸೋಲಾರ್, ಗಾಳಿ ಇದಕ್ಕೆ ಪೂರ್ತಿ ಉಲ್ಟಾ. ಮುಂದಿನ 20-25 ವರ್ಷದ ಖರ್ಚನ್ನು ಹೆಚ್ಚುಕಡಿಮೆ ಮೊದಲ ದಿನವೇ ಹಾಕಬೇಕು. ಆಮೇಲೆ ಇಂಧನದ ಖರ್ಚೇ ಇಲ್ಲ. ದಿನಗೂಲಿಯ ಮನೆಯಲ್ಲಿ ಹದಿನೈದು ಕೆಜಿ ಎಣ್ಣೆ ಡಬ್ಬ ತಂದರೆ ಉಳಿತಾಯ ಅಂತ ಗೊತ್ತಿದ್ದರೂ ಅಂಗಡಿಯಿಂದ ಸಣ್ಣ ಪ್ಯಾಕೆಟ್ಟೇ ಬರುತ್ತದೆ, ಅಲ್ವಾ? ಒಟ್ಟಿಗೆ ಕೊಡಲು ಕೈಯಲ್ಲಿ ದುಡ್ಡಿರುವುದಿಲ್ಲ. ದೇಶಗಳ ಕಥೆಯೂ ಇದೇ.

ಸಣ್ಣ ಲೆಕ್ಕ ಹಾಕಿ ನೋಡೋಣ. 100 ರೂಪಾಯಿ ಸಾಲ ತಂದು ಪ್ಯಾನೆಲ್ ಹಾಕಿಸಿದಿರಿ. 20 ವರ್ಷದಲ್ಲಿ ಸಮಾನ ಕಂತಿನಲ್ಲಿ ತೀರಿಸಬೇಕು. ಬಡ್ಡಿ ಶೇ 6 ಆದರೆ ವರ್ಷಕ್ಕೆ ಕಟ್ಟಬೇಕಾದ್ದು ಸುಮಾರು 8 ರೂಪಾಯಿ 70 ಪೈಸೆ. ಬಡ್ಡಿ ಶೇ 15 ಆದರೆ ಸುಮಾರು 16 ರೂಪಾಯಿ. ಪ್ಯಾನೆಲ್ ಅದೇ, ಬಿಸಿಲು ಅದೇ, ಬರುವ ಯೂನಿಟ್ಟೂ ಅಷ್ಟೇ. ಆದರೆ ಒಂದೊಂದು ಯೂನಿಟ್‌ನ ಬೆನ್ನ ಮೇಲೆ ಕೂತ ಸಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಇದೇ ಬಡ್ಡಿ ಡೀಸೆಲ್ ಘಟಕಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಮೊದಲು ಹಾಕುವ ಬಂಡವಾಳವೇ ಕಡಿಮೆ. ಹಾಗಾಗಿ ಬಡ್ಡಿ ಏರಿದಷ್ಟೂ ಹೊಗೆ ಉಗುಳುವ ಘಟಕವೇ ಲೆಕ್ಕದಲ್ಲಿ ಗೆಲ್ಲುತ್ತಾ ಹೋಗುತ್ತದೆ. ಬಡ ದೇಶಗಳಲ್ಲಿ ಇಂಥ ಯೋಜನೆಗೆ ಬಂಡವಾಳ ತರುವ ಖರ್ಚು ಶ್ರೀಮಂತ ದೇಶಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ವರ್ಷಗಳಿಂದ ಹೇಳುತ್ತಿದೆ. ಚೀನಾ ಬಿಟ್ಟು ಉಳಿದ ಅಭಿವೃದ್ಧಿಶೀಲ ದೇಶಗಳಿಗೆಲ್ಲ ಸೇರಿ ಜಗತ್ತಿನ ಶುದ್ಧ ಇಂಧನ ಹೂಡಿಕೆಯಲ್ಲಿ ಸಿಗುವ ಪಾಲು ಶೇ 15ರ ಆಸುಪಾಸು. ಜಗತ್ತಿನ ಬಹುಪಾಲು ಜನ ಇರುವುದೇ ಆ ದೇಶಗಳಲ್ಲಿ.

2022ರ ಶ್ರೀಲಂಕಾ

ಆ ವರ್ಷದ ಮಾರ್ಚ್ ಕೊನೆಗೆ ಶ್ರೀಲಂಕಾದಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಡೀಸೆಲ್ ತುಂಬಿದ ಹಡಗು ಕೊಲಂಬೊಗೆ ಬಂದು ನಿಂತಿದ್ದರೂ ಇಳಿಸಿಕೊಳ್ಳಲು ಡಾಲರ್ ಇಲ್ಲದ ಸ್ಥಿತಿ. ಪೇಪರ್ ಇಲ್ಲ ಅಂತ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ಏಪ್ರಿಲ್ 12ಕ್ಕೆ ಸರ್ಕಾರ ವಿದೇಶಿ ಸಾಲ ತೀರಿಸುವುದನ್ನು ನಿಲ್ಲಿಸಿದ್ದೇವೆ ಎಂದು ಪ್ರಕಟಿಸಿತು.

ವರ್ಷದ ಶುರುವಿನಲ್ಲಿ ಒಂದು ಡಾಲರ್‌ಗೆ 200 ಶ್ರೀಲಂಕಾ ರೂಪಾಯಿ ಇತ್ತು. ಮೇ ಹೊತ್ತಿಗೆ 360. ಇದನ್ನು ವಿದ್ಯುತ್ ಯೋಜನೆಗೆ ಹಚ್ಚಿ ನೋಡಿ. ಡಾಲರ್‌ನಲ್ಲಿ ಸಾಲ ತಂದು ಸೋಲಾರ್ ಪಾರ್ಕ್ ಕಟ್ಟಿದ್ದರೆ, 100 ಡಾಲರ್‌ನ ಕಂತಿಗೆ 20,000 ರೂಪಾಯಿ ಹೊಂದಿಸುತ್ತಿದ್ದವರು ಕೆಲವೇ ತಿಂಗಳಲ್ಲಿ 36,000 ಹೊಂದಿಸಬೇಕಾಯಿತು. ಬಿಲ್ ಕಟ್ಟುವ ಜನ ಮಾತ್ರ ರೂಪಾಯಿಯಲ್ಲೇ ದುಡಿಯುತ್ತಾರೆ, ರೂಪಾಯಿಯಲ್ಲೇ ಕಟ್ಟುತ್ತಾರೆ. ಹಾಗಂತ ರೂಪಾಯಿಯಲ್ಲೇ ಸಾಲ ತೆಗೆಯೋಣ ಅಂದರೆ, ಅದೇ ವರ್ಷ ಅಲ್ಲಿನ ಸರ್ಕಾರ ಅಲ್ಪಾವಧಿಗೆ ಸಾಲ ಎತ್ತುವ ಖಜಾನೆ ಬಿಲ್ಲುಗಳ ಬಡ್ಡಿಯೇ ಶೇ 30 ದಾಟಿತ್ತು. ಸರ್ಕಾರಕ್ಕೇ ಆ ಬಡ್ಡಿ ಇದ್ದರೆ ಗಾಳಿಯಂತ್ರ ನಿಲ್ಲಿಸುವವನಿಗೆ ಎಷ್ಟಿರಬೇಕು?

ಇದಕ್ಕೂ ಮೊದಲು ಮನ್ನಾರ್‌ನಲ್ಲಿ ಒಂದು ಯೋಜನೆ ಚೆನ್ನಾಗಿ ಆಗಿತ್ತು. ತಂಬಪವನಿ ಅಂತ ಹೆಸರು. 30 ಗಾಳಿಯಂತ್ರ, 103.5 ಮೆಗಾವಾಟ್. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 20 ಕೋಟಿ ಡಾಲರ್ ಸಾಲ ಕೊಟ್ಟಿತು, ಅಲ್ಲಿನ ಸರ್ಕಾರಿ ಸಿಲೋನ್ ವಿದ್ಯುತ್ ಮಂಡಳಿ ತಾನೇ ಮಾಲೀಕನಾಗಿ ಕಟ್ಟಿತು. ಅಭಿವೃದ್ಧಿ ಬ್ಯಾಂಕಿನ ಸಾಲ ಉದ್ದ ಅವಧಿಯದ್ದು, ಬಡ್ಡಿ ಕಡಿಮೆ. ದೇಶ ದಿವಾಳಿಯಾದ ಮೇಲೆ ಈ ದಾರಿ ತಕ್ಷಣಕ್ಕೆ ಮುಚ್ಚಿಹೋಯಿತು. ಇಂಥ ಸಾಲಕ್ಕೆ ಸರ್ಕಾರದ ಸಹಿ ಬೇಕು, ಆ ಸಹಿಗೇ ಬೆಲೆ ಇಲ್ಲದಂತಾಗಿತ್ತು. ಉಳಿದಿದ್ದು ಖಾಸಗಿ ಹೂಡಿಕೆ. ಖಾಸಗಿ ಹೂಡಿಕೆದಾರ ಮೊದಲು ಕೇಳುವ ಪ್ರಶ್ನೆ ಒಂದೇ: ಕರೆಂಟ್ ಕೊಂಡವರು ದುಡ್ಡು ಕೊಡುತ್ತಾರಾ? ಆ ಹೊತ್ತಿಗೆ ವಿದ್ಯುತ್ ಮಂಡಳಿ ಸಣ್ಣ ಜಲವಿದ್ಯುತ್, ಸೋಲಾರ್ ಉತ್ಪಾದಕರಿಗೆ ತಿಂಗಳುಗಟ್ಟಲೆ ಬಾಕಿ ಇಟ್ಟಿತ್ತು. ಎಂಟು ಸೆಂಟು, ಹತ್ತು ಸೆಂಟು ಅಂತ ದರ ಏರುವುದು ಇಂಥ ಕಡೆಯೇ. ಆ ದರದಲ್ಲಿ ಅರ್ಧ ಕರೆಂಟಿನ ಬೆಲೆ ಆದರೆ ಉಳಿದರ್ಧ ಅಪನಂಬಿಕೆಯ ಬೆಲೆ.

ನಂಬಿಕೆ ಹೇಗೆ ವಾಪಸ್ ಬಂತು ಎನ್ನುವುದನ್ನು ಮುಚ್ಚಿಡದೆ ಹೇಳಬೇಕು. 2022ರ ಆಗಸ್ಟ್‌ನಲ್ಲಿ ವಿದ್ಯುತ್ ದರ ಸರಾಸರಿ ಶೇ 75 ಏರಿತು. 2023ರ ಫೆಬ್ರವರಿಯಲ್ಲಿ ಮತ್ತೆ ಶೇ 66. ಆ ಮೊದಲನೆಯ ಏರಿಕೆಯಲ್ಲಿ, ತಿಂಗಳಿಗೆ 30 ಯೂನಿಟ್‌ಗಿಂತ ಕಡಿಮೆ ಬಳಸುವ ತೀರಾ ಬಡ ಮನೆಗಳಿಗೆ ಬಿದ್ದ ಹೊರೆ ಶೇ 264. ಅದಾದ ಮೇಲೆಯೇ, 2023ರ ಮಾರ್ಚ್‌ನಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿಗೆ ಸಿಕ್ಕಿತು. ವಿದ್ಯುತ್ ಮಂಡಳಿ ಲಾಭಕ್ಕೆ ಬಂತು, ಹಳೆ ಬಾಕಿ ತೀರಿಸಿತು. ಅದರ ಇನ್ನೊಂದು ಮುಖ, ಬಿಲ್ ಕಟ್ಟಲಾಗದೆ ಲಕ್ಷಗಟ್ಟಲೆ ಮನೆಗಳ ಸಂಪರ್ಕ ಕಡಿತವಾಯಿತು. ಮನ್ನಾರ್ ಟೆಂಡರಿನಲ್ಲಿ 4.65 ಸೆಂಟ್‌ನ ದರ ಬರಲು ಪೈಪೋಟಿ ಒಂದು ಕಾರಣ. ದುಡ್ಡು ಬರುತ್ತದೆ ಎಂಬ ಭರವಸೆ ಇನ್ನೊಂದು. ಆ ಭರವಸೆಯನ್ನು ಕೊಂಡುಕೊಟ್ಟವರು ಸೀಮೆಎಣ್ಣೆ ದೀಪಕ್ಕೆ ವಾಪಸ್ ಹೋದ ಮನೆಗಳವರು. ದರ ಏರಿಸದೆ ದಾರಿ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಅತಿ ಕಡಿಮೆ ಬಳಸುವವರ ಮೇಲೆ ಅತಿ ಹೆಚ್ಚಿನ ಶೇಕಡಾವಾರು ಏರಿಕೆ ಹಾಕಿದ್ದು ಅನಿವಾರ್ಯವಾಗಿತ್ತು ಎನ್ನುವುದನ್ನು ಒಪ್ಪಲಾರೆ. ಅಂಥ ಮನೆಗಳಿಗೆ ನೇರ ನೆರವು ಕೊಡಲು ಬೇಕಿದ್ದ ದುಡ್ಡು, ಆ ದೇಶಕ್ಕೆ ಆ ವರ್ಷ ಹರಿದು ಬಂದ ಸಾಲದ ಮುಂದೆ ಸಣ್ಣದು.

ನಮ್ಮಲ್ಲಿ ಇದನ್ನು ಹೇಗೆ ದಾಟಿದೆವು

ಭಾರತವೂ ಇದೇ ಪ್ರಶ್ನೆಯನ್ನು ಎದುರಿಸಿದೆ, ಒಳಗಡೆಯೇ. ನಮ್ಮ ರಾಜ್ಯಗಳ ವಿದ್ಯುತ್ ಕಂಪನಿಗಳ ಸಾಲ, ಬಾಕಿ ಎಲ್ಲರಿಗೂ ಗೊತ್ತಿರುವಂಥದ್ದೇ. ಇವರನ್ನು ನಂಬಿ ಕಡಿಮೆ ಬಡ್ಡಿಗೆ ಯಾರು ದುಡ್ಡು ಹಾಕುತ್ತಾರೆ? ಅದಕ್ಕೆ ಕೇಂದ್ರ ಸರ್ಕಾರ ಸೋಲಾರ್ ಎನರ್ಜಿ ಕಾರ್ಪೊರೇಷನ್, ಎನ್‌ಟಿಪಿಸಿಯಂಥ ತನ್ನ ಸಂಸ್ಥೆಗಳನ್ನು ಮಧ್ಯದಲ್ಲಿ ನಿಲ್ಲಿಸಿತು. ಉತ್ಪಾದಕ ಇವರಿಗೆ ಮಾರುತ್ತಾನೆ, ಇವರು ರಾಜ್ಯಗಳಿಗೆ ಮಾರುತ್ತಾರೆ. ರಾಜ್ಯ ತಡ ಮಾಡಿದರೂ ಉತ್ಪಾದಕನಿಗೆ ದುಡ್ಡು ಹೋಗುತ್ತದೆ. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಎದ್ದದ್ದು ಬಿಸಿಲಿನಿಂದ ಮಾತ್ರ ಅಲ್ಲ. ಸರ್ಕಾರಿ ಕಂಪನಿಯೇ ರೈತರಿಂದ ಜಮೀನು ಗುತ್ತಿಗೆಗೆ ತೆಗೆದುಕೊಂಡಿತು, ಲೈನ್ ಎಳೆದುಕೊಟ್ಟಿತು, ಕರೆಂಟ್ ಕೊಳ್ಳಲು ಗಟ್ಟಿ ಗಿರಾಕಿಗಳಿದ್ದರು. ಹೂಡಿಕೆದಾರನ ತಲೆಬಿಸಿ ಅಷ್ಟಕ್ಕಷ್ಟು ಇಳಿಯಿತು, ದರವೂ ಇಳಿಯಿತು. ಶ್ರೀಲಂಕಾಕ್ಕಾಗಲಿ, ಜಾಂಬಿಯಾಕ್ಕಾಗಲಿ ಹೀಗೆ ಬೆನ್ನಿಗೆ ನಿಲ್ಲುವ ದೊಡ್ಡ ಕೇಂದ್ರ ಇಲ್ಲ. ಅದನ್ನು ಹೊರಗಿನಿಂದಲೇ ತರಬೇಕು.

ಜಾಂಬಿಯಾದಲ್ಲಿ ಒಮ್ಮೆ ತಂದು ನೋಡಿದರು. ವಿಶ್ವಬ್ಯಾಂಕ್ ಸಮೂಹದ ಸ್ಕೇಲಿಂಗ್ ಸೋಲಾರ್ ಎಂಬ ಕಾರ್ಯಕ್ರಮದಲ್ಲಿ ಟೆಂಡರ್ ಕಾಗದಪತ್ರ, ಸಾಲ, ಪಾವತಿಯ ಖಾತರಿ ಎಲ್ಲವನ್ನೂ ಮೊದಲೇ ಸಿದ್ಧ ಮಾಡಿಟ್ಟು 2016ರಲ್ಲಿ ಟೆಂಡರ್ ಕರೆದರು. 6.02 ಸೆಂಟ್‌ಗೆ ಒಪ್ಪಂದ ಆಯಿತು. ಆಗ ಆಫ್ರಿಕಾದಲ್ಲೇ ಅತಿ ಕಡಿಮೆ ದರಗಳಲ್ಲಿ ಅದೊಂದು. ನಾಲ್ಕು ವರ್ಷದಲ್ಲಿ, 2020ರ ನವೆಂಬರ್‌ನಲ್ಲಿ, ಜಾಂಬಿಯಾ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಖಾತರಿ ಇದ್ದರೆ ದರ ಇಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಒಂದೆರಡು ಯೋಜನೆ ಸೋವಿಯಾಗಿ ಬಂದ ಮಾತ್ರಕ್ಕೆ ದೇಶದ ಲೆಕ್ಕ ಸರಿಹೋಗುವುದಿಲ್ಲ ಎಂಬುದಕ್ಕೂ ಸಾಕ್ಷಿ. 2024ರ ಬರಗಾಲದಲ್ಲಿ ಕರೀಬಾ ಜಲಾಶಯ ಬತ್ತಿ, ಜಲವಿದ್ಯುತ್ತನ್ನೇ ನಂಬಿದ್ದ ಅದೇ ಜಾಂಬಿಯಾ ದಿನದ ಬಹುಪಾಲು ಕತ್ತಲಲ್ಲಿ ಕೂರಬೇಕಾಯಿತು.

ಸಾಲಕ್ಕೆ ಕಾಯದೆ ಹೊರಟ ಪಾಕಿಸ್ತಾನ

ಸರ್ಕಾರಕ್ಕೆ ಸಾಲ ಹುಟ್ಟದಿದ್ದರೆ ಜನ ಏನು ಮಾಡುತ್ತಾರೆ? ಇದಕ್ಕೆ ಉತ್ತರ ಪಾಕಿಸ್ತಾನದಲ್ಲಿದೆ, ಮತ್ತು ಅದು ಯಾರೂ ಯೋಜಿಸಿದ ಉತ್ತರ ಅಲ್ಲ.

2024 ಒಂದೇ ವರ್ಷ ಪಾಕಿಸ್ತಾನ ಚೀನಾದಿಂದ ಸುಮಾರು 17 ಗಿಗಾವಾಟ್‌ನಷ್ಟು (ಅಂದರೆ 17,000 ಮೆಗಾವಾಟ್) ಸೋಲಾರ್ ಪ್ಯಾನೆಲ್ ತರಿಸಿಕೊಂಡಿತು. ಇದು ಎಂಬರ್ ಎಂಬ ಅಧ್ಯಯನ ಸಂಸ್ಥೆಯ ಲೆಕ್ಕ. ಆ ದೇಶದ ಗ್ರಿಡ್‌ನಲ್ಲಿರುವ ಎಲ್ಲ ಘಟಕಗಳ ಸಾಮರ್ಥ್ಯ ಸೇರಿಸಿದರೂ 46 ಗಿಗಾವಾಟ್ ಆಸುಪಾಸು. ಅಂದರೆ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ವರ್ಷದಲ್ಲಿ. ಇದಕ್ಕೆ ಹವಾಮಾನ ನಿಧಿಯಿಂದ ದುಡ್ಡು ಬರಲಿಲ್ಲ, ಯಾವ ಶೃಂಗಸಭೆಯಲ್ಲೂ ಘೋಷಣೆ ಆಗಲಿಲ್ಲ. ಲಾಹೋರಿನ ಹಾಲ್ ರೋಡ್ ಮಾರುಕಟ್ಟೆಯಲ್ಲಿ ಟಿವಿ, ಫ್ಯಾನ್ ಮಾರುವ ಅಂಗಡಿಗಳ ಮುಂದೆ ಪ್ಯಾನೆಲ್ ಪೇರಿಸಿಟ್ಟು ಮಾರಿದರು. ಜನ ಕೈಯಿಂದ ದುಡ್ಡು ಕೊಟ್ಟು ಒಯ್ದರು. ಪಂಜಾಬಿನ ರೈತರು ಡೀಸೆಲ್ ಪಂಪಿನ ಜಾಗಕ್ಕೆ ಸೋಲಾರ್ ಪಂಪ್ ಇಟ್ಟರು. ಬಟ್ಟೆ ಗಿರಣಿಗಳು ಸೂರಿನ ತುಂಬಾ ಹಾಕಿಸಿದವು. ಚೀನಾದಲ್ಲಿ ಅತಿಯಾಗಿ ತಯಾರಾಗಿ ಪ್ಯಾನೆಲ್ ಬೆಲೆ ವಾಟ್‌ಗೆ 10 ಸೆಂಟ್ ಹತ್ತಿರಕ್ಕೆ ಕುಸಿದಿತ್ತು. ಇತ್ತ ದೊಡ್ಡ ಬಳಕೆಯ ಮನೆಗಳಿಗೆ ತೆರಿಗೆ ಸೇರಿ ಗ್ರಿಡ್ ಕರೆಂಟ್ ಯೂನಿಟ್‌ಗೆ 60 ಪಾಕಿಸ್ತಾನಿ ರೂಪಾಯಿ ದಾಟಿತ್ತು. ಕೆಲವೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಬ್ಯಾಂಕ್ ಬಡ್ಡಿ ಶೇ 22ರ ಮೇಲಿದ್ದರೇನು, ಇವರು ಬ್ಯಾಂಕಿಗೆ ಹೋಗಲೇ ಇಲ್ಲ.

ಗ್ರಿಡ್ ಕರೆಂಟ್ ಅಷ್ಟು ದುಬಾರಿ ಯಾಕೆ? ಹಳೆಯ ಸಾಲ. 1994ರ ಖಾಸಗಿ ವಿದ್ಯುತ್ ನೀತಿಯಿಂದ ಶುರುವಾಗಿ, 2015ರ ನಂತರ ಚೀನಾ–ಪಾಕಿಸ್ತಾನ ಆರ್ಥಿಕ ಕಾರಿಡಾರ್‌ನಲ್ಲಿ ಬಂದ ಸಾಹಿವಾಲ್, ಪೋರ್ಟ್ ಕಾಸಿಮ್‌ನಂಥ 1,320 ಮೆಗಾವಾಟ್‌ನ ಕಲ್ಲಿದ್ದಲು ಘಟಕಗಳವರೆಗೆ ಒಪ್ಪಂದದ ತಿರುಳು ಒಂದೇ. ಕರೆಂಟ್ ತೆಗೆದುಕೊಳ್ಳಿ, ಬಿಡಿ, ಘಟಕ ಸಿದ್ಧ ಇದ್ದರೆ ಸಾಕು, ನಿಗದಿ ಮೊತ್ತ ಕೊಡಲೇಬೇಕು. ಅದೂ ಡಾಲರ್‌ಗೆ ತಾಳೆ ಹಾಕಿ. 2021ರಲ್ಲಿ 160 ಇದ್ದ ಡಾಲರ್ 2023ರ ಸೆಪ್ಟೆಂಬರ್‌ಗೆ 300 ದಾಟಿದಾಗ ಈ ಮೊತ್ತ ಬಲೂನಿನಂತೆ ಊದಿತು. 2024-25ರ ಸಾಲಿನಲ್ಲಿ ಈ ನಿಗದಿ ಪಾವತಿಯೇ 2 ಲಕ್ಷ ಕೋಟಿ ಪಾಕಿಸ್ತಾನಿ ರೂಪಾಯಿ ಮೀರಿತು.

ಈಗ ಉಳ್ಳವರು ಛಾವಣಿ ಮೇಲೆ ಪ್ಯಾನೆಲ್ ಹಾಕಿ ಗ್ರಿಡ್‌ನಿಂದ ಕರೆಂಟ್ ಕೊಳ್ಳುವುದನ್ನು ಕಡಿಮೆ ಮಾಡಿದರು. ನಿಗದಿ ಮೊತ್ತ ಮಾತ್ರ ಕಡಿಮೆ ಆಗಲಿಲ್ಲ. ಅದನ್ನು ಉಳಿದ ಯೂನಿಟ್‌ಗಳ ಮೇಲೆ ಹಂಚಲೇಬೇಕು. ಉಳಿದವರು ಯಾರು? ಬಾಡಿಗೆ ಮನೆಯವರು, ಸ್ವಂತ ಛಾವಣಿ ಇಲ್ಲದ ಫ್ಲಾಟಿನವರು, ಪ್ಯಾನೆಲ್‌ಗೆ ಒಟ್ಟಿಗೆ ದುಡ್ಡು ಹಾಕಲಾಗದವರು. ಅವರ ದರ ಏರುತ್ತದೆ. ಏರಿದಂತೆ ಇನ್ನಷ್ಟು ಜನ ಪ್ಯಾನೆಲ್ ಕಡೆ ಓಡುತ್ತಾರೆ. ದರ ಮತ್ತೆ ಏರುತ್ತದೆ. ಸರ್ಕಾರ ಗಾಬರಿಯಾಗಿ, ಛಾವಣಿಯಿಂದ ಬರುವ ಕರೆಂಟಿಗೆ ಕೊಡುತ್ತಿದ್ದ 27 ರೂಪಾಯಿಯನ್ನು 10ಕ್ಕೆ ಇಳಿಸುವ ಪ್ರಸ್ತಾವವನ್ನು 2025ರ ಮಾರ್ಚ್‌ನಲ್ಲಿ ತಂದಿತು. ಆಮದು ಪ್ಯಾನೆಲ್ ಮೇಲೆ ಶೇ 10 ತೆರಿಗೆ ಹಾಕಿತು.

ಪಾಕಿಸ್ತಾನದ ಸೋಲಾರ್ ಅಲೆಯನ್ನು ಬಹಳ ಜನ ಹಾಡಿ ಹೊಗಳಿದ್ದಾರೆ. ಹೊಗಳಬೇಕಾದ್ದೇ, ಅಷ್ಟು ಹೊಗೆ ಕಡಿಮೆಯಾಯಿತಲ್ಲ. ಆದರೆ ಇದನ್ನು ಮಾದರಿ ಅಂತ ಬೇರೆ ದೇಶಗಳ ಮುಂದೆ ಹಿಡಿಯುವಾಗ ಇನ್ನರ್ಧವನ್ನೂ ಹೇಳಬೇಕು. ಹೊಸ ಪ್ಯಾನೆಲ್‌ಗೆ ದುಡ್ಡು ಹೊಂದಿಸುವುದು ಕೆಲಸದ ಒಂದು ಭಾಗ ಮಾತ್ರ. ಹಳೆಯ ಘಟಕಗಳ ಸಾಲವನ್ನು ಯಾರು ಹೊರಬೇಕು ಎಂಬುದನ್ನು ಇತ್ಯರ್ಥ ಮಾಡದೆ ಬಿಟ್ಟರೆ ಅದು ತಾನಾಗಿಯೇ ಕೆಳಕ್ಕೆ ಹರಿದು ಬಡವರ ಬಿಲ್ಲಿಗೆ ಸೇರುತ್ತದೆ. ಪಾಕಿಸ್ತಾನ 2024ರ ಅಕ್ಟೋಬರ್‌ನಲ್ಲಿ ಐದು ಹಳೆಯ ಖಾಸಗಿ ಘಟಕಗಳ ಒಪ್ಪಂದವನ್ನು ಅವಧಿಗೆ ಮುಂಚೆಯೇ ಮುಗಿಸಿಕೊಂಡಿತು. ಸರಿಯಾದ ಹೆಜ್ಜೆ. ಆದರೆ ಚೀನಾದ ಸಾಲದಲ್ಲಿ ಕಟ್ಟಿದ ದೊಡ್ಡ ಘಟಕಗಳನ್ನು ಮುಟ್ಟಲು ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ವಲಯದ ಬಾಕಿ ತೀರಿಸಲು ಬ್ಯಾಂಕ್‌ಗಳಿಂದ 1.225 ಲಕ್ಷ ಕೋಟಿ ರೂಪಾಯಿ ಹೊಸ ಸಾಲ ಎತ್ತಿತು. ಅದನ್ನು ಆರು ವರ್ಷ ತೀರಿಸುವುದು ಗ್ರಾಹಕರೇ, ಯೂನಿಟ್‌ಗೆ 3 ರೂಪಾಯಿ 23 ಪೈಸೆ ಮೇಲ್ತೆರಿಗೆಯಾಗಿ.

ಯಾವ ದುಡ್ಡು ಎಲ್ಲಿಗೆ

ಹವಾಮಾನ ಸಮ್ಮೇಳನಗಳಲ್ಲಿ ಮೊತ್ತ ದೊಡ್ಡದಾಗಿ ಕೇಳಿಸುತ್ತದೆ. ಅಜರ್‌ಬೈಜಾನಿನ ಬಾಕುವಿನಲ್ಲಿ 2024ರಲ್ಲಿ, ಬಡ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದರು. ಕಲ್ಲಿದ್ದಲಿನಿಂದ ಹೊರಬರಲೆಂದು ದಕ್ಷಿಣ ಆಫ್ರಿಕಾಕ್ಕೆ ಶ್ರೀಮಂತ ದೇಶಗಳು 2021ರಲ್ಲಿ ಘೋಷಿಸಿದ 850 ಕೋಟಿ ಡಾಲರ್‌ನಲ್ಲಿ ಬಹುಪಾಲು ಸಾಲವೇ ಆಗಿತ್ತು, ಅನುದಾನ ಚೂರುಪಾರು. 2025ರಲ್ಲಿ ಅಮೆರಿಕ ಅದರಿಂದಲೂ ಹೊರನಡೆಯಿತು. ಸಾಲದಲ್ಲಿ ಮುಳುಗಿದವರಿಗೆ ಡಾಲರ್‌ನಲ್ಲಿ ಮತ್ತಷ್ಟು ಸಾಲ ಕೊಟ್ಟು ಅದಕ್ಕೆ ಹಸಿರು ಹೆಸರಿಟ್ಟರೆ ಹೊರೆ ಬದಲಾಗುವುದಿಲ್ಲ.

ಎಲ್ಲದಕ್ಕೂ ಅನುದಾನ ಬೇಕು ಅಂತ ನಾನು ಹೇಳುತ್ತಿಲ್ಲ. ಪ್ಯಾನೆಲ್, ಗಾಳಿಯಂತ್ರಕ್ಕೆ ಖಾಸಗಿ ದುಡ್ಡು ಬರುತ್ತದೆ, ಮುಕ್ತ ಟೆಂಡರ್ ಮತ್ತು ಪಾವತಿಯ ಖಾತರಿ ಇದ್ದರೆ. ಬಾರದೆ ಉಳಿಯುವುದು ಲೈನ್, ಸಬ್‌ಸ್ಟೇಷನ್, ಬ್ಯಾಟರಿಗೆ. 2025ರ ಫೆಬ್ರವರಿ 9ರ ಭಾನುವಾರ ಶ್ರೀಲಂಕಾ ಇಡೀ ಕತ್ತಲಾಯಿತು. ಪಾನದುರ ಸಬ್‌ಸ್ಟೇಷನ್‌ಗೆ ಒಂದು ಕೋತಿ ನುಗ್ಗಿದ್ದೇ ಶುರುವಾತು. ಆದರೆ ಒಂದು ಸಬ್‌ಸ್ಟೇಷನ್ ಕೈಕೊಟ್ಟರೆ ದೇಶವೇ ಆರಿಹೋಗುವಷ್ಟು ಗ್ರಿಡ್ ನಾಜೂಕಾಗಿತ್ತು. ಭಾನುವಾರ ಬಳಕೆ ಕಡಿಮೆ, ಛಾವಣಿಗಳಿಂದ ಬರುವ ಸೋಲಾರ್ ಜಾಸ್ತಿ, ಎರಡನ್ನೂ ಸರಿತೂಗಿಸುವುದು ಇಂಥ ಗ್ರಿಡ್‌ಗೆ ಕಷ್ಟ. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಅಲ್ಲಿನ ಹೊಸವರ್ಷದ ರಜೆಯಲ್ಲಿ, ಹಗಲು ನಿಮ್ಮ ಛಾವಣಿಯ ಸೋಲಾರ್ ಆಫ್ ಮಾಡಿ ಎಂದು ವಿದ್ಯುತ್ ಮಂಡಳಿ ಜನರನ್ನು ಕೇಳಿಕೊಂಡಿತು. ಮೂರು ವರ್ಷ ಹಿಂದೆ ಡೀಸೆಲ್‌ಗೆ ಡಾಲರ್ ಇಲ್ಲದೆ ಒದ್ದಾಡಿದ ದೇಶ, ಬಿಟ್ಟಿ ಬರುವ ಕರೆಂಟನ್ನು ಹಿಡಿದಿಡಲು ಬ್ಯಾಟರಿ ಇಲ್ಲದೆ ಬಿಟ್ಟುಕೊಡಬೇಕಾಯಿತು. ಕಡಿಮೆ ಬಡ್ಡಿಯ ದುಡ್ಡು, ಅನುದಾನ ಏನಿದ್ದರೂ ಮೊದಲು ಹೋಗಬೇಕಾದ ಜಾಗ ಇದು.

ಅನುದಾನ ಏನು ಮಾಡಬಲ್ಲದು ಎಂಬುದಕ್ಕೆ ಜಾಫ್ನಾ ಕಡೆಯ ಮೂರು ಪುಟ್ಟ ದ್ವೀಪಗಳನ್ನು ನೋಡಬಹುದು: ಡೆಲ್ಫ್ಟ್, ನೈನಾತೀವು, ಅನಲತೀವು. ದೇಶದ ಗ್ರಿಡ್ ಅಲ್ಲಿಗೆ ಮುಟ್ಟುವುದಿಲ್ಲ. ಸೋಲಾರ್, ಗಾಳಿ, ಬ್ಯಾಟರಿ ಎಲ್ಲ ಸೇರಿದ ಸಣ್ಣ ಘಟಕಗಳಿಗೆ ಮೊದಲು ಆಯ್ಕೆಯಾಗಿದ್ದು ಚೀನಾದ ಕಂಪನಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ. ಭಾರತ ಆಕ್ಷೇಪಿಸಿತು, ಬದಲಿಗೆ ಸುಮಾರು 1.1 ಕೋಟಿ ಡಾಲರ್ ಅನುದಾನ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಗುತ್ತಿಗೆ ಸಿಕ್ಕಿದ್ದು ಬೆಂಗಳೂರಿನ ಯು ಸೋಲಾರ್ ಕಂಪನಿಗೆ. ಭಾರತ ಕೊಟ್ಟಿದ್ದು ಗಡಿಯ ಚಿಂತೆಯಿಂದ, ಪರಿಸರದ ಕಾಳಜಿಯಿಂದಲ್ಲ ಅಂತ ಇಟ್ಟುಕೊಳ್ಳೋಣ. ಆದರೂ ದ್ವೀಪದವರ ಮಟ್ಟಿಗೆ ಆ ಕರೆಂಟಿನ ಹಿಂದೆ ಡಾಲರ್ ಸಾಲದ ಕಂತಿಲ್ಲ. ಶ್ರೀಲಂಕಾದ ಪೂರ್ವ ಕರಾವಳಿಯ ಸಂಪೂರ್‌ನಲ್ಲಿ ಎನ್‌ಟಿಪಿಸಿ ಮೊದಲು ಕಟ್ಟಬೇಕಿದ್ದದ್ದು 500 ಮೆಗಾವಾಟ್‌ನ ಕಲ್ಲಿದ್ದಲು ಘಟಕ. ಅದನ್ನು ಕೈಬಿಟ್ಟು ಈಗ ಅಲ್ಲಿಗೆ 120 ಮೆಗಾವಾಟ್ ಸೋಲಾರ್ ಬರುತ್ತಿದೆ, ಅದೂ ಸಿಲೋನ್ ವಿದ್ಯುತ್ ಮಂಡಳಿಯ ಪಾಲುದಾರಿಕೆಯಲ್ಲಿ.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ, ಅದು ಕರೆನ್ಸಿ. ಡಾಲರ್ ಏರಿದರೆ ಆಗುವ ನಷ್ಟವನ್ನು ಈಗ ಹೊರುತ್ತಿರುವುದು ಅದನ್ನು ಹೊರಲು ತೀರಾ ಅಶಕ್ತರಾದವರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2007ರಲ್ಲಿ ಶುರುವಾದ ಟಿಸಿಎಕ್ಸ್ ಎಂಬ ನಿಧಿ ಬಡ ದೇಶಗಳ ಕರೆನ್ಸಿಯ ಏರಿಳಿತವನ್ನು ಶುಲ್ಕ ಪಡೆದು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಆದರೆ ಆ ಶುಲ್ಕವೇ ಹಲವು ಯೋಜನೆಗಳಿಗೆ ಭಾರ. ಶ್ರೀಮಂತ ದೇಶಗಳು ಕೊಡುತ್ತೇವೆ ಅನ್ನುವ ಹಣದಲ್ಲಿ ಒಂದು ಪಾಲು ಇಂಥ ಶುಲ್ಕವನ್ನು ಇಳಿಸಲು ಹೋದರೆ, ಕೊಲಂಬೊದ ಬ್ಯಾಂಕೊಂದು ರೂಪಾಯಿಯಲ್ಲೇ 15 ವರ್ಷದ ಸಾಲ ಕೊಡುವುದು ಸಾಧ್ಯವಾಗುತ್ತದೆ. ನನ್ನ ಪ್ರಕಾರ ಹೊಸ ಹೊಸ ಘೋಷಣೆಗಿಂತ ಇದರಿಂದ ಹೆಚ್ಚು ಗಾಳಿಯಂತ್ರ ಏಳುತ್ತವೆ.

ಶ್ರೀಲಂಕಾ 2030ರ ಹೊತ್ತಿಗೆ ಶೇ 70ರಷ್ಟು ವಿದ್ಯುತ್ತನ್ನು ನವೀಕರಿಸಬಹುದಾದ ಮೂಲಗಳಿಂದ ಪಡೆಯುವ ಗುರಿ ಇಟ್ಟುಕೊಂಡಿದೆ. ಸಾಲ ಕೊಟ್ಟ ದೇಶಗಳು ಬಿಡುವು ಕೊಟ್ಟಿರುವುದು 2028ರವರೆಗೆ, ಆಮೇಲೆ ಅಸಲಿನ ಕಂತು ಶುರು. ಗ್ರಿಡ್ ಮತ್ತು ಬ್ಯಾಟರಿಗೆ ದುಡ್ಡು ಹೊಂದಿಸಿಕೊಳ್ಳುವುದು ಏನಿದ್ದರೂ ಅಷ್ಟರೊಳಗೆ ಆಗಬೇಕು. ಕಂತು ಶುರುವಾದ ಮೇಲೆ ಖಜಾನೆಗೆ ಬಂದ ಪ್ರತಿ ಡಾಲರ್‌ಗೂ ಹಳೆ ಸಾಲ ಕೊಟ್ಟವರ ಸಾಲು ಮುಂದೆ ನಿಂತಿರುತ್ತದೆ.